ಹಲ್ಲು ಎಣಿಸಿದವರು ನಾಣ್ಯ ಎಣಿಸಲಿಲ್ಲವೇ? ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12. ನಮ್ಮ ರಾಜ್ಯದಿಂದ ಹೋದ ನಿಮ್ಮ ನಲವತ್ತು ಜನರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ರಸ್ತೆ, ನೀರು, ರೈಲು ಯಾವುದರ ಬಗ್ಗೆಯೂ ಅಲ್ಲ. ಒಂದು ಬೆಳ್ಳಿ ನಾಣ್ಯದ ಬಗ್ಗೆ. ಇಷ್ಟು ಸಣ್ಣ ವಿಷಯಕ್ಕೆ ಸಂಸದರಿಗೆ ಪತ್ರವಾ ಅಂತ ನನ್ನ ಮನೆಯವಳೂ ಕೇಳಿದಳು. ಸಣ್ಣದು ಅನ್ನೋದಕ್ಕೇ ಬರೆಯುತ್ತಿದ್ದೇನೆ. ದೊಡ್ಡ ವಿಷಯಕ್ಕೆ ನಿಮ್ಮ ಹತ್ತಿರ ಬರುವವರು ಜಾಸ್ತಿ ಇದ್ದಾರೆ.

ನಾನು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನು. ಅಕ್ಷರ ಸಣ್ಣದಿದ್ದಷ್ಟೂ ಹತ್ತಿರ ಹಿಡಿದು ಓದುವ ಚಟ ಇನ್ನೂ ಹೋಗಿಲ್ಲ. ನಾಣ್ಯದ ಚಟ ಆಮೇಲೆ ಅಂಟಿಕೊಂಡಿತು. ನಾಣ್ಯದವರೂ 'ಪ್ರೂಫ್' ಎನ್ನುತ್ತಾರೆ. ಕನ್ನಡಿಯಂತೆ ಹೊಳೆಯುವ, ವಿಶೇಷವಾಗಿ ಹೊಡೆದ ನಾಣ್ಯಕ್ಕೆ ಆ ಹೆಸರು. ಆ ಪದ ಕೇಳಿಯೇ ನಾನು ಮೊದಲ ಸಲ ಆ ಅಂಗಡಿಯೊಳಗೆ ಕಾಲಿಟ್ಟಿದ್ದು ಅನ್ನಬಹುದು.

ನಮ್ಮ ಮನೆಯ ದೇವರ ಕೋಣೆಯಲ್ಲಿ 1969ರ ಗಾಂಧಿ ನಾಣ್ಯ ಒಂದಿದೆ. ಹತ್ತು ರೂಪಾಯಿಯದು. ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಬಂದದ್ದು. 15 ಗ್ರಾಂ ತೂಕ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ಅಪ್ಪ ತಂದಿಟ್ಟದ್ದು. ವರಮಹಾಲಕ್ಷ್ಮಿ ಹಬ್ಬಕ್ಕೆ ಪ್ರತಿವರ್ಷ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕಳಶದ ಪಕ್ಕ ಇಡುತ್ತೇವೆ. ಐವತ್ತಕ್ಕೂ ಜಾಸ್ತಿ ವರ್ಷ ಹುಣಸೆಹಣ್ಣು ತಿಂದು ಗಾಂಧೀಜಿಯ ಕಿವಿ ಸ್ವಲ್ಪ ಸವೆದಿದೆ. ನಾಣ್ಯ ಸಂಗ್ರಹಿಸುವವರು ಇದನ್ನು ಓದಿದರೆ ತಲೆ ಚಚ್ಚಿಕೊಳ್ಳುತ್ತಾರೆ. ನಾಣ್ಯ ತಿಕ್ಕುವುದು ಅವರ ಪ್ರಕಾರ ಮಹಾಪಾಪ.

ಕಳೆದ ಹಬ್ಬಕ್ಕೆ ಅದರ ಜೊತೆಗೆ ಇನ್ನೊಂದು ಇಡೋಣ ಅನ್ನಿಸಿತು. 2023ರ ಎಪ್ಪತ್ತೈದು ರೂಪಾಯಿ ನಾಣ್ಯ. ಹೊಸ ಸಂಸತ್ ಭವನ ಉದ್ಘಾಟನೆಯಾದ ದಿನ, ಮೇ 28ರಂದು, ಪ್ರಧಾನಿ ಬಿಡುಗಡೆ ಮಾಡಿದರಲ್ಲ, ಅದು. ಒಬ್ಬ ನಾಣ್ಯ ವ್ಯಾಪಾರಿಯ ಹತ್ತಿರ ಸಿಕ್ಕಿತು. ಮುಖಬೆಲೆಯ ಎಷ್ಟೋ ಪಟ್ಟು ಕೊಟ್ಟೆ. "ಕಮ್ಮಿ ಹೊಡೆದಿದ್ದಾರೆ ಸಾರ್, ಮುಂದೆ ಬೇಕು ಅಂದ್ರೂ ಸಿಗಲ್ಲ" ಎಂದರು. ನಂಬಿದೆ. ಅಂಗಡಿಯಲ್ಲಿ ನಿಂತಾಗ ಎಲ್ಲವನ್ನೂ ನಂಬುವುದು ನನ್ನ ಸ್ವಭಾವ.

ಮನೆಗೆ ಬರುವ ದಾರಿಯಲ್ಲಿ ನಮ್ಮ ಆಚಾರ್ ಅಂಗಡಿ ಸಿಗುತ್ತದೆ. ನನ್ನ ತಾಯಿಯ ಓಲೆ ಮಾಡಿದವರ ಮಗ ಈಗ ಅಲ್ಲಿ ಕೂರುತ್ತಾರೆ. ಸುಮ್ನೆ ತೋರಿಸೋಣ ಅಂತ ಹೋದೆ. ಅವರು ತಕ್ಕಡಿಯ ಗಾಜಿನ ಬಾಗಿಲು ಸರಿಸಿ ನಾಣ್ಯ ಇಟ್ಟರು. 34.98 ಎಂದು ತೋರಿಸಿತು. "ಎಷ್ಟು ಟಚ್ಚು?" ಎಂದು ಕೇಳಿದರು, ನೂರಕ್ಕೆ ಎಷ್ಟು ಪಾಲು ಬೆಳ್ಳಿ ಎಂದರ್ಥ. ಐವತ್ತು ಎಂದೆ. ಚೀಟಿಯಲ್ಲಿ ತೂಕ ಬರೆದರು, ಟಚ್ಚು ಬರೆದರು. ಮೂರನೇ ಸಾಲಿನಲ್ಲಿ 'ಬೆಲೆ' ಎಂದು ಬರೆದು ಪೆನ್ನು ಅಲ್ಲೇ ನಿಲ್ಲಿಸಿದರು.

"ಸಾರ್, ಇದನ್ನು ಕರಗಿಸೋ ಹಾಗಿಲ್ಲ. ಹಾಗಾಗಿ ಬೆಳ್ಳಿ ರೇಟು ಹಿಡಿದು ಪ್ರಯೋಜನ ಇಲ್ಲ. ಎಷ್ಟು ಹೊಡೆದಿದ್ದಾರೆ ಅಂತ ಗೊತ್ತಾದ್ರೆ ಏನಾದ್ರೂ ಹೇಳಬಹುದು. ಎಷ್ಟು ಹೊಡೆದಿದ್ದಾರೆ?"

ನನಗೆ ಗೊತ್ತಿರಲಿಲ್ಲ. ವ್ಯಾಪಾರಿಗೂ ಗೊತ್ತಿರಲಾರದು ಎಂದು ಆಮೇಲೆ ಹೊಳೆಯಿತು. ಅವರು "ಕಮ್ಮಿ" ಎಂದರೇ ಹೊರತು ಎಷ್ಟು ಎಂದು ಹೇಳಲಿಲ್ಲ.

ಮನೆಗೆ ಬಂದು ಗೆಜೆಟ್ ಹುಡುಕಿದೆ. ಇಲ್ಲಿಂದ ನಿಮ್ಮ ಕೆಲಸ ಶುರುವಾಗುತ್ತದೆ, ದಯವಿಟ್ಟು ಓದಿ.

ನಮ್ಮ ದೇಶದಲ್ಲಿ ನಾಣ್ಯ ಹುಟ್ಟುವುದು 2011ರ ನಾಣ್ಯ ಕಾಯ್ದೆಯಿಂದ. 1906ರ ಹಳೆಯ ಕಾಯ್ದೆ ಮತ್ತು ಅದರ ಅಕ್ಕಪಕ್ಕದ ಮೂರು ನಾಲ್ಕು ಚಿಲ್ಲರೆ ಕಾಯ್ದೆಗಳನ್ನು ಗುಡಿಸಿ ಒಂದೇ ಮಾಡಿದ್ದು ಅದು. 2012ರ ಮಾರ್ಚ್ 28ರಿಂದ ಜಾರಿಯಲ್ಲಿದೆ. ಓದಲು ಕಷ್ಟವಿಲ್ಲ, ಚಿಕ್ಕ ಕಾಯ್ದೆ. ತಮಾಷೆಯೂ ಇದೆ. ಒಂದು ರೂಪಾಯಿ ನೋಟು ಅದರ ಪ್ರಕಾರ 'ನಾಣ್ಯ'. ಕಾಗದದ್ದಾದರೂ ನಾಣ್ಯವೇ. ಕ್ರೆಡಿಟ್ ಕಾರ್ಡ್ ನಾಣ್ಯವಲ್ಲ ಎಂದೂ ಬಿಡಿಸಿ ಬರೆದಿದ್ದಾರೆ. ಯಾರಿಗೋ ಆ ಅನುಮಾನ ಬಂದಿರಬೇಕು. ಸ್ಮರಣಾರ್ಥ ನಾಣ್ಯ ಎಂದರೇನು ಎಂದೂ ಹೇಳಿದ್ದಾರೆ. ಯಾವುದಾದರೂ ಸಂದರ್ಭ ಅಥವಾ ಘಟನೆಯ ನೆನಪಿಗೆ ಸರ್ಕಾರ ಮುದ್ರೆಯೊತ್ತಿದ, ಭಾರತದ ಹಣದಲ್ಲಿ ಬೆಲೆ ಹೇಳಿದ ನಾಣ್ಯ. ಅಷ್ಟೇ.

4ನೇ ಸೆಕ್ಷನ್ ಪ್ರಕಾರ ಸಾವಿರ ರೂಪಾಯಿ ಮೀರದ ಯಾವ ಬೆಲೆಯ ನಾಣ್ಯವನ್ನಾದರೂ ಹೊಡೆಯಬಹುದು. ಎಷ್ಟು ಅಗಲ, ಯಾವ ವಿನ್ಯಾಸ, ಯಾವ ಲೋಹ, ಇವೆಲ್ಲ ಕೇಂದ್ರ ಸರ್ಕಾರ ನಿಯಮದಲ್ಲಿ ಹೇಳಿದಂತೆ. ಆ ನಿಯಮ ಮಾಡುವ ಅಧಿಕಾರ 24ನೇ ಸೆಕ್ಷನ್‌ನಲ್ಲಿದೆ. ಹಾಗಾಗಿ ಒಂದೊಂದು ಸ್ಮರಣಾರ್ಥ ನಾಣ್ಯಕ್ಕೂ ಒಂದೊಂದು ನಿಯಮ ಗೆಜೆಟ್‌ನಲ್ಲಿ ಬರುತ್ತದೆ. ಇದನ್ನು ನಾಣ್ಯದ ಜನನ ಪತ್ರ ಅನ್ನಬಹುದು.

ನನ್ನ ನಾಣ್ಯದ ಜನನ ಪತ್ರ ಮೇ ತಿಂಗಳ ಆ ಕೊನೆಯ ವಾರದಲ್ಲೇ ಬಂದಿದೆ. ಪ್ರೂಫ್ ನೋಡುವ ಕಣ್ಣಿನಿಂದ ಓದಿದೆ. ಅಡ್ಡಳತೆ 44 ಮಿಲಿಮೀಟರ್. ತೂಕ 35 ಗ್ರಾಂ. ಬೆಳ್ಳಿ ನೂರಕ್ಕೆ 50, ತಾಮ್ರ 40, ನಿಕ್ಕಲ್ 5, ಸತು 5. ಒಂದು ಮುಖದಲ್ಲಿ ಅಶೋಕ ಸ್ತಂಭದ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ', ಎಡಕ್ಕೆ ದೇವನಾಗರಿಯಲ್ಲಿ 'ಭಾರತ್', ಬಲಕ್ಕೆ ಇಂಗ್ಲಿಷಿನಲ್ಲಿ 'ಇಂಡಿಯಾ'. ಇನ್ನೊಂದು ಮುಖದಲ್ಲಿ ಸಂಸತ್ ಸಂಕೀರ್ಣದ ಚಿತ್ರ. ತೂಕದಲ್ಲಿ ಎಷ್ಟು ಹೆಚ್ಚುಕಮ್ಮಿ ಆದರೂ ಸರಿ ಎಂಬುದಕ್ಕೂ ಲೆಕ್ಕ ಇದೆ. ಆಚಾರ್ ತಕ್ಕಡಿಯ ಆ ಎರಡು ಪಾಯಿಂಟ್ ಕೊರತೆ ಅದರೊಳಗೇ ಬರುತ್ತದೆ. ನಾಣ್ಯದ ಅಂಚಿನಲ್ಲಿ ಸುತ್ತಲೂ ಸಣ್ಣ ಸಣ್ಣ ಗೀರು ಇರುತ್ತದಲ್ಲ, ಹಲ್ಲು ಅನ್ನುತ್ತೇವೆ, ಅದು ಎಷ್ಟಿರಬೇಕು ಎಂದೂ ಬರೆದಿದೆ. 200.

ಇನ್ನೂರು ಹಲ್ಲು ಎಂದು ಎಣಿಸಿ ಬರೆದವರು ನಾಣ್ಯ ಎಷ್ಟು ಎಂದು ಮಾತ್ರ ಬರೆದಿಲ್ಲ. ಎಷ್ಟಕ್ಕೆ ಮಾರುತ್ತಾರೆ ಎಂದಿಲ್ಲ. ಇಂಥದೊಂದು ನಾಣ್ಯ ಬೇಕು ಎಂದು ಯಾರು ಕೇಳಿದರು, ಯಾವ ಕಾರಣಕ್ಕೆ ಒಪ್ಪಿದರು ಎಂಬುದೂ ಇಲ್ಲ. ಮಗುವಿನ ತೂಕ, ಉದ್ದ, ಮೈಬಣ್ಣ, ಮಚ್ಚೆ ಎಲ್ಲ ಬರೆದು ಒಂದೇ ಮಗುವೋ ಅವಳಿಯೋ ಎಂಬುದನ್ನು ಬಿಟ್ಟಂತೆ.

ಕಾನೂನಿನ ಹಾದಿ ಇನ್ನೊಂದು ಮಜಾ. 24ನೇ ಸೆಕ್ಷನ್ ಪ್ರಕಾರ ಇಂಥ ನಿಯಮವನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು. ಎರಡೂ ಸದನ ಒಪ್ಪಿದರೆ ತಿದ್ದಬಹುದು, ರದ್ದೂ ಮಾಡಬಹುದು. ಓದಲು ಚೆನ್ನಾಗಿದೆ. ಆದರೆ 2023ರ ಬಜೆಟ್ ಅಧಿವೇಶನ ಏಪ್ರಿಲ್ 6ಕ್ಕೆ ಮುಗಿದಿತ್ತು. ಮುಂಗಾರು ಅಧಿವೇಶನ ಶುರುವಾದದ್ದು ಜುಲೈ 20ಕ್ಕೆ. ನಾಣ್ಯ ಬಂದದ್ದು ನಡುವಿನ ಮೇ ತಿಂಗಳಲ್ಲಿ. ಅಂದರೆ ಸಂಸತ್ ಭವನದ ನೆನಪಿಗೆ ಮಾಡಿದ ನಾಣ್ಯವೇ ಸಂಸತ್ತು ನಡೆಯದಿದ್ದಾಗ ಹುಟ್ಟಿ, ಮಾರಾಟದ ಮಾತೂ ಶುರುವಾಗಿತ್ತು. ಇದು ಕಾನೂನು ಮುರಿದದ್ದಲ್ಲ, ಕಾನೂನೇ ಹಾಗಿದೆ. ನಿಯಮ ಮೊದಲು, ಮೇಜಿನ ಮೇಲೆ ಇಡುವುದು ಆಮೇಲೆ. ಆದರೆ ಹೊಡೆದಾದ ನಾಣ್ಯದ ವಿನ್ಯಾಸವನ್ನು ಆಮೇಲೆ ತಿದ್ದುವುದು ಹೇಗೆ ಎಂದು ಮಾತ್ರ ನನಗೆ ತಿಳಿಯುತ್ತಿಲ್ಲ. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಆದಮೇಲೆ ಪ್ರೂಫ್ ಕಳಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಿಂದೆ ಹೀಗಿರಲಿಲ್ಲ. ಕಂಪನಿ ಸರ್ಕಾರದ 1835ರ ಕಾಯ್ದೆಯಲ್ಲಿ ರೂಪಾಯಿಯ ತೂಕ ಕಾಯ್ದೆಯ ಒಳಗೇ ಇತ್ತು. 180 ಗ್ರೇನ್, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಾವು ಒಂದು ತೊಲ ಅನ್ನುವುದೂ ಅದೇ ತೂಕ, ಈಗಿನ 11.66 ಗ್ರಾಂ. ರಾಣಿ ಛಾಪಿನ ರೂಪಾಯಿ ಇಟ್ಟು ಬೆಳ್ಳಿ ತೂಗುತ್ತಿದ್ದ ಅಕ್ಕಸಾಲಿಗರ ನೆನಪು ನಿಮ್ಮ ಊರಿನಲ್ಲೂ ಇರಬೇಕು. ರೂಪಾಯಿಯೇ ತೂಕದ ಕಲ್ಲು. ಆ ತೂಕವನ್ನು ಯಾವ ಗುಮಾಸ್ತನೂ ಗೆಜೆಟ್ ಪುಟದಲ್ಲಿ ಬದಲಿಸುವ ಹಾಗಿರಲಿಲ್ಲ, ಕಾಯ್ದೆಯನ್ನೇ ಬದಲಿಸಬೇಕಿತ್ತು. ಹೌದು, ಅದು ಪರರ ಸರ್ಕಾರ, ನಮ್ಮನ್ನು ಕೇಳಿ ಮಾಡಿದ್ದಲ್ಲ. ಆದರೂ ಬರೆದದ್ದು ಬರೆದಿತ್ತು.

ಎರಡನೇ ಮಹಾಯುದ್ಧ ಬಂತು. ಬೆಳ್ಳಿ ಸಾಲದಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ನಾಲ್ಕು ಲೋಹದ ಮಿಶ್ರಣ. 1947ಕ್ಕೆ ಅದೂ ಹೋಗಿ ಅಪ್ಪಟ ನಿಕ್ಕಲ್ ರೂಪಾಯಿ ಬಂತು. ಆ ಅಂಕಿಗಳನ್ನು ಇನ್ನೊಂದು ಸಲ ಓದಿ. 50, 40, 5, 5. ನನ್ನ ಎಪ್ಪತ್ತೈದು ರೂಪಾಯಿ ನಾಣ್ಯದ್ದೂ ಅದೇ. ಯುದ್ಧಕಾಲದಲ್ಲಿ ಬೆಳ್ಳಿ ಉಳಿಸಲು ಮಾಡಿದ ಮಿಶ್ರಣ ಎಂಬತ್ತಮೂರು ವರ್ಷದ ಮೇಲೆ ಹಬ್ಬದ ನಾಣ್ಯಕ್ಕೆ ಬಂದು ಕೂತಿದೆ. 35 ಗ್ರಾಂನಲ್ಲಿ ಬೆಳ್ಳಿ ಇರುವುದು ಹದಿನೇಳೂವರೆ ಗ್ರಾಂ. ನಮ್ಮಪ್ಪನ 15 ಗ್ರಾಂ ನಾಣ್ಯದಲ್ಲಿ 12 ಗ್ರಾಂ ಇದೆ. ಕೈಯಲ್ಲಿ ಎರಡನ್ನೂ ಹಿಡಿದರೆ ಹೊಸದು ಭಾರ, ಹಳೆಯದು ಹೊಳಪು.

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ಅವರದು. ಅದು ಬೆಳ್ಳಿಯದಲ್ಲ. ಬೆಳ್ಳಿ ಶುರುವಾದದ್ದು ನಮ್ಮ ಮನೆಯ ಗಾಂಧಿಯಿಂದ. ಅಲ್ಲಿಂದ ಇಲ್ಲಿಗೆ ಎಷ್ಟೋ ಬಂದಿವೆ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ್ದಕ್ಕೆ 2010ರಲ್ಲಿ ಸಾವಿರ ರೂಪಾಯಿಯದೇ ಬಂತು. ನಮ್ಮ ಬಸವಣ್ಣನವರ ನಾಣ್ಯ 2006ರಲ್ಲಿ, ನೂರರದೂ ಐದರದೂ. 2018ರಲ್ಲಿ ವಾಜಪೇಯಿ, 2023ರಲ್ಲಿ ಎನ್‌ಟಿಆರ್, 2024ರಲ್ಲಿ ಕರುಣಾನಿಧಿ. ಇವರಿಗೆಲ್ಲ ಯಾಕೆ ಮಾಡಿದಿರಿ ಎಂದು ನಾನು ಕೇಳುತ್ತಿಲ್ಲ. ಇನ್ನೂ ಇಬ್ಬರಿಗೆ ಮಾಡಿ, ನನ್ನದೇನೂ ತಕರಾರಿಲ್ಲ. ಹೆಸರಿನ ಜಗಳಕ್ಕೆ ಈ ಪತ್ರವನ್ನು ಎಳೆಯಬೇಡಿ. ನನ್ನದು ಬರೀ ಲೆಕ್ಕದ ಪ್ರಶ್ನೆ.

ಬೇರೆ ಕಡೆ ಹೇಗೆ ಮಾಡುತ್ತಾರೆ ಎಂದು ನೋಡಿದೆ. ಅಮೆರಿಕದಲ್ಲಿ ಪ್ರತಿಯೊಂದು ಸ್ಮರಣಾರ್ಥ ನಾಣ್ಯಕ್ಕೂ ಅವರ ಸಂಸತ್ತಾದ ಕಾಂಗ್ರೆಸ್ ಬೇರೆ ಕಾಯ್ದೆಯನ್ನೇ ಮಾಡಬೇಕು. ಅಧ್ಯಕ್ಷರ ಸಹಿ ಬೀಳಬೇಕು. ಎಷ್ಟು ನಾಣ್ಯ, ಯಾವ ಲೋಹ, ಲಾಭ ಯಾರಿಗೆ, ಎಲ್ಲ ಆ ಕಾಯ್ದೆಯಲ್ಲಿ. ಕೇಳಲು ಬಹಳ ಚಂದ. ಆದರೆ ಅವರೇನೂ ಸಾಚಾಗಳಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅವರ ಮೊದಲನೆಯದು 1892ರ ಕೊಲಂಬಸ್ ಅರ್ಧ ಡಾಲರ್. ಶಿಕಾಗೋದಲ್ಲಿ ಜಾಗತಿಕ ಮೇಳ ಮಾಡುವವರು ಸರ್ಕಾರದ ಹತ್ತಿರ 50 ಲಕ್ಷ ಡಾಲರ್ ಕೇಳಿದರು. ಕಾಂಗ್ರೆಸ್ 25 ಲಕ್ಷ ಕೊಟ್ಟಿತು. ಅದೂ ನಗದು ಅಲ್ಲ, 50 ಲಕ್ಷ ಬೆಳ್ಳಿ ಅರ್ಧ ಡಾಲರ್ ನಾಣ್ಯ. ಸವೆದ ಹಳೆಯ ಬೆಳ್ಳಿ ಚಿಲ್ಲರೆ ಕರಗಿಸಿ ಹೊಡೆದು ಕೊಡುತ್ತೇವೆ, ಒಂದೊಂದನ್ನು ಒಂದು ಡಾಲರ್‌ಗೆ ಮಾರಿ ದುಡ್ಡು ಮಾಡಿಕೊಳ್ಳಿ ಎಂದರು. ಕೇಳಿದ 50 ಲಕ್ಷ ಅಲ್ಲಿಗೆ ಸರಿಹೋಯಿತಲ್ಲ. ಕಾಯ್ದೆಯೊಳಗೆ ಒಂದು ಷರತ್ತನ್ನೂ ಸಿಕ್ಕಿಸಿದರು, ಭಾನುವಾರ ಮೇಳ ಮುಚ್ಚಿರಬೇಕು ಎಂದು. ದೇವರ ದಿನ ಜಾತ್ರೆ ಬೇಡ ಎನ್ನುವವರ ಒತ್ತಾಯ. ನಾಣ್ಯಕ್ಕೂ ಭಾನುವಾರಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಸದನದ ವ್ಯವಹಾರ ನಿಮಗೇ ಚೆನ್ನಾಗಿ ಗೊತ್ತು. ಮೊದಲ ನಾಣ್ಯವನ್ನು ರೆಮಿಂಗ್ಟನ್ ಟೈಪ್‌ರೈಟರ್ ಮಾರುವ ಕಂಪನಿ 10,000 ಡಾಲರ್ ಕೊಟ್ಟು ಕೊಂಡಿತು, ಅದರಲ್ಲೇ ಪ್ರಚಾರ. ಕೊನೆಗೆ ಮಾರಾಟವಾಗದೆ ಉಳಿದದ್ದರಲ್ಲಿ ಲಕ್ಷಗಟ್ಟಲೆ ಕರಗಿಸಿದರು. ಮಿಕ್ಕವು ಮಾಮೂಲಿ ಐವತ್ತು ಸೆಂಟಿನ ನಾಣ್ಯವಾಗಿ ಅಂಗಡಿ ಸಾಮಾನಿಗೆ ಹೋದವು.

ಆಮೇಲೆ ರುಚಿ ಹತ್ತಿತು. 1926ರಲ್ಲಿ ಎಜ್ರಾ ಮೀಕರ್ ಎಂಬ 95 ವರ್ಷದ ಮುದುಕರು ಕಾಂಗ್ರೆಸ್ ಸಮಿತಿಯ ಮುಂದೆ ಬಂದು ಕೂತರು. 1852ರಲ್ಲಿ ಎತ್ತಿನ ಬಂಡಿಯಲ್ಲಿ ಆರೆಗಾನ್ ದಾರಿ ಹಿಡಿದು ಪಶ್ಚಿಮಕ್ಕೆ ಹೋದವರು ಅವರು. ಆ ದಾರಿಯಲ್ಲಿ ಸತ್ತವರ ನೆನಪಿಗೆ ಕಲ್ಲು ನೆಡಬೇಕು, ಅದಕ್ಕೆ ನಾಣ್ಯ ಬೇಕು ಎಂದರು. ಅಂಥವರಿಗೆ ಇಲ್ಲ ಎನ್ನುವುದು ಹೇಗೆ? ಕಾಯ್ದೆ ಆಯಿತು. ಆದರೆ ಅಲ್ಲಿ ಎಡವಿದ್ದು ನೋಡಿ. 60 ಲಕ್ಷದವರೆಗೆ ಹೊಡೆಯಬಹುದು ಎಂದು ಬರೆದರು, ಯಾವ ವರ್ಷದೊಳಗೆ ಎಂದು ಬರೆಯಲಿಲ್ಲ. ಸರಿ, 1926ರಿಂದ 1939ರವರೆಗೆ ಆಗಾಗ ಅದೇ ನಾಣ್ಯ, ಬೇರೆ ವರ್ಷ, ಬೇರೆ ಟಂಕಸಾಲೆ. ಸಂಗ್ರಹಕಾರ ಎಲ್ಲವನ್ನೂ ಕೊಳ್ಳಲೇಬೇಕು. ಅಷ್ಟೆಲ್ಲ ಮಾಡಿಯೂ ಒಟ್ಟು ಮೂರು ಲಕ್ಷ ಮುಟ್ಟಲಿಲ್ಲ. ಮೀಕರ್ 1928ರಲ್ಲೇ ತೀರಿಕೊಂಡಿದ್ದರು.

ನನಗೆ ತುಂಬಾ ಇಷ್ಟವಾದದ್ದು 1936ರ ಸಿನ್ಸಿನಾಟಿ ನಾಣ್ಯ. ಸಿನ್ಸಿನಾಟಿ ಊರು ಸಂಗೀತದ ಕೇಂದ್ರವಾಗಿ ಐವತ್ತು ವರ್ಷ ಆಯಿತು ಎಂದು ಕಾಯ್ದೆ. ನಾಣ್ಯದ ಮೇಲೆ 1886, 1936 ಎಂದು ಎರಡು ಇಸವಿ. 1886ರಲ್ಲಿ ಆ ಊರಿನಲ್ಲಿ ಸಂಗೀತಕ್ಕೆ ಸಂಬಂಧಪಟ್ಟು ಹಬ್ಬ ಮಾಡುವಂಥದ್ದು ಏನೂ ಆಗಿರಲಿಲ್ಲ. ನಾಣ್ಯದ ಮುಖದಲ್ಲಿ ಹಾಡುಗಳನ್ನು ಕಟ್ಟಿದ ಸ್ಟೀಫನ್ ಫಾಸ್ಟರ್ ಅವರ ಚಿತ್ರ. ಅವರು ಸತ್ತದ್ದು 1864ರಲ್ಲಿ, ಆ 1886ಕ್ಕೂ ಇಪ್ಪತ್ತೆರಡು ವರ್ಷ ಮೊದಲು. ವಿನ್ಯಾಸ ನೋಡಬೇಕಿದ್ದ ಲಲಿತಕಲಾ ಆಯೋಗದ ಅಧ್ಯಕ್ಷ ಚಾರ್ಲ್ಸ್ ಮೂರ್ ಇದು ಸರಿಯಿಲ್ಲ ಎಂದು ಆಕ್ಷೇಪ ಎತ್ತಿದರು. ಉಪಯೋಗವಾಗಲಿಲ್ಲ. ಮೂರು ಟಂಕಸಾಲೆಯಲ್ಲಿ ಐದೈದು ಸಾವಿರ, ಒಟ್ಟು 15,000. ಮೂರರ ಸೆಟ್ಟಿಗೆ ಏಳೂಮುಕ್ಕಾಲು ಡಾಲರ್. ಮುಖಬೆಲೆ ಒಂದೂವರೆ ಡಾಲರ್. ಕೇಳಿದವರಿಗೆಲ್ಲ "ಮುಗಿದುಹೋಯಿತು" ಎಂಬ ಉತ್ತರ ಬೇಗನೇ ಸಿಗತೊಡಗಿತು, ಹೊರಗೆ ಬೆಲೆ ಏರಿತು. ನಮ್ಮ ವ್ಯಾಪಾರಿಯ "ಕಮ್ಮಿ ಹೊಡೆದಿದ್ದಾರೆ ಸಾರ್" ಅಲ್ಲಿಯೂ ಇತ್ತು ನೋಡಿ.

ಹಾಗಾದರೆ ಪ್ರತಿ ನಾಣ್ಯಕ್ಕೂ ಕಾಯ್ದೆ ಮಾಡಿ ಏನು ಉಪಯೋಗವಾಯಿತು ಎಂದು ನೀವು ಕೇಳಬಹುದು. ಉಪಯೋಗ ಇಷ್ಟೇ. ಸಿನ್ಸಿನಾಟಿಯ ಕಥೆಯನ್ನು ನಾನು ಶಿವಮೊಗ್ಗದಲ್ಲಿ ಕೂತು, ತೊಂಬತ್ತು ವರ್ಷದ ಆಚೆ, 15,000 ಎಂದು ಲೆಕ್ಕ ಸಮೇತ ಹೇಳಬಲ್ಲೆ. ಯಾಕೆಂದರೆ ಅದು ಕಾಯ್ದೆಯಲ್ಲಿ ಬರೆದಿದೆ. ತಪ್ಪು ಮಾಡಿದರು, ಆದರೆ ಬರೆದು ತಪ್ಪು ಮಾಡಿದರು. ನನ್ನ ಮೇಜಿನ ಮೇಲಿರುವ, ನನ್ನದೇ ದೇಶದ, ಮೊನ್ನೆ ಮೊನ್ನೆಯ ನಾಣ್ಯದ ಲೆಕ್ಕ ಅದರ ನಿಯಮದಲ್ಲಿ ಇಲ್ಲ.

ಬೇಡ ಎನ್ನುವವರಿಗೂ ಅಲ್ಲಿ ದಾರಿಯಿತ್ತು. ಮೆಕ್ಸಿಕೋದಿಂದ ನೆಲ ಕೊಂಡ ಗ್ಯಾಡ್ಸ್‌ಡನ್ ಖರೀದಿಗೆ 75 ವರ್ಷವಾಯಿತೆಂದು 10,000 ಅರ್ಧ ಡಾಲರ್ ಹೊಡೆಯುವ ಮಸೂದೆಯನ್ನು ಕಾಂಗ್ರೆಸ್ ಒಪ್ಪಿತು. 1930ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಹೂವರ್ ಸಹಿ ಹಾಕದೆ ವಾಪಸ್ ಕಳಿಸಿದರು. ಹೀಗೆ ನಾನಾ ಥರದ ನಾಣ್ಯ ಜಾಸ್ತಿಯಾದರೆ ಜನಕ್ಕೆ ಗೊಂದಲ, ಖೋಟಾ ಮಾಡುವವರಿಗೆ ಅನುಕೂಲ, ನೆನಪಿಗೆ ಬೇಕಿದ್ದರೆ ಪದಕ ಮಾಡಿಕೊಳ್ಳಿ ಎಂದರು. ಹತ್ತು ಸಾವಿರ ನಾಣ್ಯಕ್ಕೆ ಒಂದು ದೇಶದ ಅಧ್ಯಕ್ಷ ಕಾರಣ ಬರೆದು ಕಳಿಸಿದ್ದಾರೆ, ಯೋಚಿಸಿ. 1939ರಲ್ಲಿ ಕಾಂಗ್ರೆಸ್ಸೇ ಬೇಸತ್ತು ಹಳೆಯ ಅನುಮತಿಗಳನ್ನೆಲ್ಲ ಮುಚ್ಚಿತು. ಆಮೇಲೆ ಮತ್ತೆ ಶುರುವಾಗಿ, ಮತ್ತೆ ಅತಿಯಾಗಿ, 1996ರಲ್ಲಿ ಇನ್ನೊಂದು ಕಾಯ್ದೆ ತಂದರು. 1999ರಿಂದ ವರ್ಷಕ್ಕೆ ಎರಡೇ ವಿಷಯ. ಟಂಕಸಾಲೆಯ ಖರ್ಚು ಹುಟ್ಟಿದಮೇಲೆಯೇ ಬೇರೆಯವರಿಗೆ ಪಾಲು.

ಪ್ರತಿ ನಾಣ್ಯಕ್ಕೂ ಒಂದು ಮಸೂದೆ ತನ್ನಿ ಎಂದು ನಾನು ಕೇಳುವುದಿಲ್ಲ. ಸದನದಲ್ಲಿ ಈಗ ಇರುವ ಕೆಲಸಕ್ಕೇ ಹೊತ್ತು ಸಾಲುತ್ತಿಲ್ಲ. ನಿಯಮದ ಪದ್ಧತಿಯೇ ಇರಲಿ. ಅದರಲ್ಲಿ ಮೂರು ನಾಲ್ಕು ಸಾಲು ಸೇರಿಸಿ ಸಾಕು. ಈ ನಾಣ್ಯವನ್ನು ಹೆಚ್ಚೆಂದರೆ ಇಷ್ಟು ಹೊಡೆಯುತ್ತೇವೆ, ಇಂಥ ತಾರೀಖಿನ ಒಳಗೆ ಹೊಡೆದು ಮುಗಿಸುತ್ತೇವೆ ಎಂದು ಬರೆಯಿರಿ. ಆರೆಗಾನ್ ಕಥೆ ಹೇಳಿದ್ದು ಇದಕ್ಕೇ, ಬರೀ ಸಂಖ್ಯೆ ಬರೆದರೆ ಸಾಲದು. ಮೊದಲ ಮಾರಾಟದ ಬೆಲೆ ಎಷ್ಟು, ಯಾರ ಕೋರಿಕೆಯ ಮೇಲೆ ಇದನ್ನು ತೆಗೆದುಕೊಂಡೆವು ಎಂದೂ ಇರಲಿ. ವರ್ಷದ ಕೊನೆಗೆ ನಿಜವಾಗಿ ಎಷ್ಟು ಹೊಡೆದರು, ಎಷ್ಟು ಮಾರಿದರು ಎಂದು ಒಂದು ಪಟ್ಟಿ ಬರಲಿ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಎಂದು ಇರುವುದೇ ನಾಲ್ಕು ಟಂಕಸಾಲೆ. ಎಣಿಸಿಯೇ ಪ್ಯಾಕ್ ಮಾಡಿರುತ್ತಾರೆ ಅಲ್ವಾ?

ನಿಮ್ಮ ಕೈಯಲ್ಲಿ ಏನಿದೆ ಎಂದರೆ, ಬೇಕಾದಷ್ಟಿದೆ. ಎರಡೂ ಸದನಗಳಲ್ಲಿ ಅಧೀನ ಶಾಸನ ಸಮಿತಿ ಇದೆ. ಲೋಕಸಭೆಯದು 1953ರಿಂದ ಇದೆ, 15 ಸದಸ್ಯರು. ಸರ್ಕಾರ ಮಾಡುವ ಇಂಥ ನಿಯಮಗಳನ್ನು ನೋಡುವುದೇ ಅದರ ಕೆಲಸ. ನಿಮ್ಮಲ್ಲಿ ಯಾರಾದರೂ ಅದರಲ್ಲಿದ್ದರೆ ಈ ಪತ್ರವನ್ನು ಅಲ್ಲಿಗೆ ಒಯ್ಯಿರಿ. ಇಲ್ಲದಿದ್ದರೆ ಒಂದು ಪ್ರಶ್ನೆ ಬರೆದು ಕೊಡಿ. ಅದೂ ಬೇಡವಾದರೆ ಇನ್ನೂ ಹತ್ತಿರದ ದಾರಿ ಇದೆ. ಈಗಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2016ರಿಂದ ರಾಜ್ಯಸಭೆಗೆ ಹೋಗಿರುವುದು ನಮ್ಮ ರಾಜ್ಯದಿಂದಲೇ. ನಾಣ್ಯದ ನಿಯಮ ಹೊರಡುವುದು ಅವರ ಸಚಿವಾಲಯದಿಂದ. ನಿಮ್ಮ ನಲವತ್ತು ಜನರ ಪಟ್ಟಿಯಲ್ಲಿ ಅವರೂ ಒಬ್ಬರು. ಅಂದರೆ ಈ ಪತ್ರ ಅರ್ಧ ದಾರಿ ಆಗಲೇ ಮುಟ್ಟಿದೆ.

ಇನ್ನೊಂದು ಸಣ್ಣ ಆಸೆ, ಪತ್ರ ಬರೆಯಲು ಕೂತಮೇಲೆ ಬಂದದ್ದು. ಅಕ್ಷರದ ವಿಷಯ. ಅಣ್ಣಾದೊರೈ ಅವರ 2009ರ ನಾಣ್ಯದಲ್ಲಿ ಅವರ ತಮಿಳು ಸಹಿ ಇದೆ. ಕರುಣಾನಿಧಿ ನಾಣ್ಯದಲ್ಲಿ 'ತಮಿಳ್ ವೆಲ್ಲುಂ' ಎಂದು ತಮಿಳಿನಲ್ಲೇ ಇದೆ. ಅಂದರೆ ಬೇರೆ ಲಿಪಿ ಹಾಕಲೇಬಾರದು ಎಂದೇನಿಲ್ಲ. ನಿಯಮದಲ್ಲಿ ಬರೆದರೆ ಆಗುತ್ತದೆ. ನಾಣ್ಯದ ಮೇಲೆ ಕನ್ನಡ ನಮಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲಿ ಬರೆದು, ಜೊತೆಗೆ ಇಂಗ್ಲಿಷ್, ಪರ್ಷಿಯನ್ ಮೂರನ್ನೂ ಆ ಪುಟ್ಟ ಬಿಲ್ಲೆಯಲ್ಲಿ ಹಿಡಿಸಿದ್ದರು. ಆ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂದು 1843ಕ್ಕೆ ಮುಚ್ಚಿಹೋಯಿತು. 44 ಮಿಲಿಮೀಟರ್ ಅಗಲದ ಬೆಳ್ಳಿಯ ಮೇಲೆ ಕನ್ನಡಕ್ಕೆ ಜಾಗ ಸಾಲದು ಎನ್ನಲಾಗದು. ಮುಂದಿನ ಸಲ ನಮ್ಮ ಕಡೆಯ ಯಾರದಾದರೂ ನಾಣ್ಯಕ್ಕೆ ನೀವು ಶಿಫಾರಸು ಬರೆಯುವಾಗ ಇದನ್ನೂ ಸೇರಿಸಿ. ಆದರೆ ಮೊದಲು ಲೆಕ್ಕ.

ಕಾನೂನಿನ ಪ್ರಕಾರ ನನ್ನ ನಾಣ್ಯವನ್ನು ಖರ್ಚು ಮಾಡಬಹುದು, ಗೊತ್ತಾ? 6ನೇ ಸೆಕ್ಷನ್ ಹೇಳುತ್ತದೆ, ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳನ್ನು ಒಂದು ಸಲಕ್ಕೆ ಸಾವಿರ ರೂಪಾಯಿವರೆಗೆ ಕೊಡಬಹುದು ಎಂದು. ಎಪ್ಪತ್ತೈದರ ಲೆಕ್ಕದಲ್ಲಿ ಹದಿಮೂರು ನಾಣ್ಯ, 975 ರೂಪಾಯಿ. ಹದಿನಾಲ್ಕನೆಯದನ್ನು ಅಂಗಡಿಯವನು ಬೇಡ ಎನ್ನಬಹುದು. ನನ್ನ ಹತ್ತಿರ ಇರುವುದು ಒಂದೇ, ಬಸ್ ಕಂಡಕ್ಟರ್‌ಗೆ ಕೊಟ್ಟು ನೋಡೋಣ ಎಂದು ಒಮ್ಮೆ ಅನ್ನಿಸಿತ್ತು. ಅವರಿಗೆ ಮೊದಲೇ ಚಿಲ್ಲರೆಯ ಸಂಕಟ, ಸುಮ್ಮನಾದೆ. ಕರಗಿಸಲು ಹೋದರೆ ಏಳು ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಆಚಾರ್ ಹೇಳಿದ್ದು ಸರಿ. ಬೆಳ್ಳಿಯ ಬೆಲೆ ಇದಕ್ಕೆ ಲೆಕ್ಕವಿಲ್ಲ, ಮುಖಬೆಲೆಗೂ ಯಾರೂ ಕೊಡುವುದಿಲ್ಲ. ಇದರ ಬೆಲೆ ನಿಂತಿರುವುದು ಎಷ್ಟಿವೆ ಎಂಬ ಒಂದೇ ಅಂಕಿಯ ಮೇಲೆ.

ಆ ಚೀಟಿಯನ್ನು ನಾಣ್ಯದ ಡಬ್ಬಿಯಲ್ಲೇ ಮಡಿಚಿ ಇಟ್ಟಿದ್ದೇನೆ. ತೂಕ 34.98. ಟಚ್ಚು 50. ಬೆಲೆ ಎಂದು ಬರೆದ ಮುಂದೆ ಆಚಾರ್ ಬಿಟ್ಟ ಜಾಗ ಹಾಗೇ ಇದೆ. ನಿಮ್ಮಿಂದ ಉತ್ತರ ಬಂದರೆ ಅವರ ಅಂಗಡಿಗೆ ಒಯ್ದು ತೋರಿಸುತ್ತೇನೆ. ಅಂಗಡಿ ಮಂಗಳವಾರ ರಜಾ.

ಇಂತಿ,
ಶಿವಮೊಗ್ಗದ ಒಬ್ಬ ನಿವೃತ್ತ ಪ್ರೂಫ್ ರೀಡರ್